ಇನ್ಸುಲಿನ್: ಸರಪಳಿಯ ತುದಿಯಲ್ಲಿರುವ ವ್ಯತ್ಯಾಸ

ಔಷಧ ವ್ಯಾಪಾರದಲ್ಲಿ ‘ಇನ್ಸುಲಿನ್’ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಸರಕುಗಳು ಮಾರಾಟವಾಗುತ್ತವೆ. ಊಟದ ಹೊತ್ತಿಗೆ ಚುಚ್ಚಿಕೊಂಡೊಡನೆ ಬೇಗನೆ ಫಲ ನೀಡುವುದು ಒಂದು ಬಗೆ. ದಿನಕ್ಕೊಮ್ಮೆ ಪಡೆದರೆ ಸುಮಾರು 24 ಗಂಟೆ ಕಾರ್ಯ ನಿರ್ವಹಿಸುವುದು ಇನ್ನೊಂದು. ಈ ಅಂತರಕ್ಕೆ ಮುಖ್ಯ ಕಾರಣ ಪ್ರೋಟೀನಿನ ತುದಿಯಲ್ಲಿ ಮಾಡಲಾದ ಅಲ್ಪ ಮಾರ್ಪಾಡು.

ತುದಿಯ ಕೆಲಸ

ಪ್ರೋಟೀನು ಎಂದರೆ ಅಮೈನೊ ಆಮ್ಲಗಳ ಸರಪಳಿ. ಇನ್ಸುಲಿನ್‌ನಲ್ಲಿ ಎರಡು ಸರಪಳಿಗಳಿವೆ: ‘ಎ’ ಸರಪಳಿಯಲ್ಲಿ 21, ‘ಬಿ’ ಸರಪಳಿಯಲ್ಲಿ 30 ಅಮೈನೊ ಆಮ್ಲಗಳು. ಹಂದಿಯ ಇನ್ಸುಲಿನ್‌ಗೂ ಮನುಷ್ಯನದಕ್ಕೂ ಇರುವ ಏಕೈಕ ವ್ಯತ್ಯಾಸ ‘ಬಿ’ ಸರಪಳಿಯ ಕಟ್ಟಕಡೆಯ ಘಟಕದಲ್ಲಿದೆ.

ಸೀಸೆಯಲ್ಲಿ ಈ ತುದಿಭಾಗವು ಅಣುವನ್ನು ಅಣುವಿಗೆ ಜೋಡಿಸುತ್ತದೆ. ಮೂರು ಜೋಡಿಗಳು ಸತುವಿನ ನೆರವಿನಿಂದ ಆರು ಅಣುಗಳ ಗುಂಪಾಗುತ್ತವೆ. ಗುಂಪು ಬಿಡಿಯಾದ ನಂತರವೇ ಔಷಧವು ರಕ್ತಕ್ಕೆ ಸುಲಭವಾಗಿ ಸೇರುತ್ತದೆ. ಬಳಿಕ ಅದೇ ತುದಿ ಪಕ್ಕಕ್ಕೆ ಸರಿದು, ಜೀವಕೋಶದ ಮೇಲಿನ ಗ್ರಾಹಕಕ್ಕೆ ಇನ್ಸುಲಿನ್ ಬಂಧಿಸಲು ದಾರಿ ಮಾಡಿಕೊಡುತ್ತದೆ. ಇದು 2013 ಮತ್ತು 2014ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ಸ್ಪಷ್ಟವಾಯಿತು.

ಎರಡು ಮಾರ್ಪಾಡು, ಎರಡು ಸರಕು

1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲಿಸ್‌ಪ್ರೊ ಇನ್ಸುಲಿನ್‌ನಲ್ಲಿ ‘ಬಿ’ ಸರಪಳಿಯ 28 ಮತ್ತು 29ನೆಯ ಘಟಕಗಳನ್ನು ಅದಲುಬದಲು ಮಾಡಲಾಗಿದೆ. ಇದರಿಂದ ಜೋಡಣೆ ಸಡಿಲಗೊಂಡು ಔಷಧವು ಶೀಘ್ರವಾಗಿ ರಕ್ತ ಸೇರುತ್ತದೆ. 2000ದಲ್ಲಿ ಅಲ್ಲಿ ಅನುಮತಿ ಪಡೆದ ಗ್ಲಾರ್ಜಿನ್‌ನಲ್ಲಿ ‘ಬಿ’ ಸರಪಳಿಯ ತುದಿಗೆ ಎರಡು ಆರ್ಜಿನೀನ್‌ಗಳನ್ನು ಸೇರಿಸಿ, ‘ಎ’ ಸರಪಳಿಯ ಕೊನೆಯ ಘಟಕವನ್ನು ಬದಲಿಸಲಾಗಿದೆ. ಸೀಸೆಯ ಆಮ್ಲೀಯ ದ್ರವದಲ್ಲಿ ಕರಗಿರುವ ಇದು ಚರ್ಮದಡಿ ಸೂಕ್ಷ್ಮ ಕಣಗಳಾಗಿ ಹೆಪ್ಪುಗಟ್ಟಿ, ನಿಧಾನವಾಗಿ ಬಿಡುಗಡೆಯಾಗುತ್ತದೆ.

ವ್ಯಾಪಾರಿಗಳು ಗಮನಿಸಬೇಕಾದುದು

ಲಿಸ್‌ಪ್ರೊ, ಗ್ಲಾರ್ಜಿನ್ ಎರಡೂ ತಿಳಿಯಾದ ದ್ರವಗಳೇ. ಕಣ್ಣಳತೆಯಲ್ಲಿ ಭೇದ ತಿಳಿಯದು. ಒಂದರ ಬದಲಿಗೆ ಇನ್ನೊಂದನ್ನು ಕೊಟ್ಟರೆ ರೋಗಿಯ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಆದ್ದರಿಂದ ದಾಸ್ತಾನು, ಬಿಲ್ಲು ಹಾಗೂ ಚೀಟಿಗಳಲ್ಲಿ ಪೂರ್ಣ ಹೆಸರನ್ನೇ ನಮೂದಿಸುವುದು ಅವಶ್ಯ. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಒಮ್ಮೆ ಮಂಜುಗಟ್ಟಿದ ಸರಕು ಬಳಕೆಗೆ ಯೋಗ್ಯವಲ್ಲ.

ಬೆಂಗಳೂರು ಮೂಲದ ಬಯೋಕಾನ್ ಸಮೂಹವು ಪಾಲುದಾರ ಸಂಸ್ಥೆಯೊಡನೆ ಅಭಿವೃದ್ಧಿಪಡಿಸಿದ ಗ್ಲಾರ್ಜಿನ್‌ಗೆ, ಮೂಲ ಔಷಧದ ಬದಲಿಗೆ ಔಷಧಾಲಯದಲ್ಲೇ ನೀಡಬಹುದೆಂಬ ಮಾನ್ಯತೆ 2021ರ ಜುಲೈನಲ್ಲಿ ಅಮೆರಿಕದಲ್ಲಿ ದೊರೆಯಿತು. ಆ ಮಾನ್ಯತೆ ಗ್ಲಾರ್ಜಿನ್‌ಗೆ ಗ್ಲಾರ್ಜಿನ್ ಎಂಬ ಮಟ್ಟಿಗೆ ಮಾತ್ರ. ತುದಿ ಬದಲಾದರೆ ಸರಕೇ ಬೇರೆ.