ಹೊಳೆಸಾಲಿನ ಊರುಗಳು ಯಾವ ಕ್ಷೇತ್ರಕ್ಕೆ?

ಗದಗ ಜಿಲ್ಲೆಯ ಹೊಳೆಆಲೂರು ಇರುವುದು ರೋಣ ತಾಲ್ಲೂಕಿನಲ್ಲಿ. ಉತಾರ ಬೇಕಿರಲಿ, ಹೊಳೆ ಬಂದು ಬಿದ್ದ ಮನೆಗೆ ಪರಿಹಾರ ಬೇಕಿರಲಿ, ಅಲ್ಲಿಯವರ ಕಡತ ಹೋಗುವುದು ರೋಣದ ತಹಶೀಲ್ದಾರ್ ಕಚೇರಿಗೆ. ಆದರೆ ಶಾಸಕರನ್ನು ಆರಿಸುವಾಗ ಅದೇ ಜನ ನರಗುಂದ ಮತಕ್ಷೇತ್ರದವರು, ಸಂಸದರನ್ನು ಆರಿಸುವಾಗ ಬಾಗಲಕೋಟೆಯವರು. ರೋಣ ಪಟ್ಟಣವಾಗಲಿ ಗಜೇಂದ್ರಗಡವಾಗಲಿ ಬರುವುದು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ. ಅತ್ತ ಮುಂಡರಗಿ ತಾಲ್ಲೂಕಿನ ಡಂಬಳ ರೋಣ ಮತಕ್ಷೇತ್ರದ ಪಾಲಾಗಿದೆ. ಹಿಂದೆ ಸ್ವಂತ ಶಾಸಕರಿದ್ದ ಮುಂಡರಗಿ ಎಂಬ ಕ್ಷೇತ್ರವೇ ಈಗ ಇಲ್ಲ. ಇದೆಲ್ಲ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣೆ ಆಯೋಗ ಎಳೆದ ಗೆರೆಗಳ ಫಲ. 2008ರ ಮೇ ತಿಂಗಳ ವಿಧಾನಸಭಾ ಚುನಾವಣೆಯಿಂದ ಅವು ನಮ್ಮಲ್ಲಿ ಜಾರಿಯಲ್ಲಿವೆ. ಅಸೂಟಿಯಂಥ ಹಳ್ಳಿಯವರು ಕೆಟ್ಟ ರಸ್ತೆಗೆ ಯಾರ ಮನೆ ಬಾಗಿಲಿಗೆ ಹೋಗಬೇಕು ಎಂಬುದನ್ನು ಗೊತ್ತುಮಾಡುವ ಈ ಗೆರೆಗಳ ವಿಷಯದಲ್ಲಿ ಆ ಹಳ್ಳಿಯವರನ್ನೇ ಮೊದಲು ಕೇಳಬೇಕು ಎಂಬುದು ನನ್ನ ವಾದ. ಇದನ್ನು ಪ್ರಜಾಪ್ರಭುತ್ವದ ಹೆಸರಿನಲ್ಲಿ ಹೇಳುವುದು ಸುಲಭ. ಗಣಿತವೂ ಇದನ್ನೇ ಹೇಳುತ್ತದೆ ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಮೊದಲ ಲೆಕ್ಕ ಸರಳ. 2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5 ಕೋಟಿ 28 ಲಕ್ಷ. ಅದನ್ನು 224 ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 2,36,000 ಜನ. ಗದಗ ಜಿಲ್ಲೆಯಲ್ಲಿ ಆಗ ಇದ್ದವರು 9,71,835. ಭಾಗಿಸಿದರೆ ನಾಲ್ಕಕ್ಕಿಂತ ಒಂಚೂರು ಹೆಚ್ಚು ಬರುತ್ತದೆ. ಹಾಗಾಗಿ ನರಗುಂದ, ರೋಣ, ಗದಗ, ಶಿರಹಟ್ಟಿ, ಮುಂಡರಗಿ ಎಂದು ಐದಿದ್ದ ಕ್ಷೇತ್ರಗಳಲ್ಲಿ ಒಂದು ಹೋಗಲೇಬೇಕಿತ್ತು. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಒಂದು ಮತಕ್ಕೆ ಎಲ್ಲೆಡೆ ಒಂದೇ ತೂಕ ಎಂಬ ತತ್ವ ಒಪ್ಪಿದವರು ಈ ಭಾಗಾಕಾರವನ್ನೂ ಒಪ್ಪಬೇಕು. ಪ್ರಶ್ನೆ ಏಳುವುದು ಆಮೇಲೆ. ನಾಲ್ಕು ಕ್ಷೇತ್ರ ಸರಿ, ಆದರೆ ಯಾವ ನಾಲ್ಕು? ಡಂಬಳ ಯಾರ ಕಡೆ, ಹೊಳೆಆಲೂರು ಯಾರ ಕಡೆ? ಭಾಗಾಕಾರ ಇದಕ್ಕೆ ಉತ್ತರಿಸದು.

ಉತ್ತರ ಎಷ್ಟು ಬಗೆಯಲ್ಲಿ ಸಾಧ್ಯ ಎಂದು ನೋಡಲು ಗಣಿತಜ್ಞರು ಚೌಕಳಿ ಹಾಳೆ ಹಿಡಿದರು. ಪ್ರತಿ ಚೌಕವನ್ನೂ ಒಂದೊಂದು ಊರು, ಎಲ್ಲ ಊರಲ್ಲೂ ಸಮ ಜನ ಎಂದುಕೊಳ್ಳಿ. ಮೂರು ಸಾಲು, ಸಾಲಿಗೆ ಮೂರು ಚೌಕ, ಒಟ್ಟು ಒಂಬತ್ತು ಊರು. ಇವನ್ನು, ಒಂದಕ್ಕೊಂದು ತಾಗಿಕೊಂಡ ತಲಾ ಮೂರು ಊರುಗಳ ಮೂರು ಕ್ಷೇತ್ರಗಳಾಗಿ ಒಡೆಯಲು ಹತ್ತು ದಾರಿಗಳಿವೆ. ಪೆನ್ಸಿಲ್ ಹಿಡಿದು ಕೂತರೆ ನೀವೇ ಎಣಿಸಬಹುದು. ನಾಲ್ಕು ಸಾಲಿನ ಹಾಳೆಯನ್ನು ನಾಲ್ಕು ಕ್ಷೇತ್ರ ಮಾಡಲು 117 ದಾರಿ. ಏಳು ಸಾಲಿಗೆ ಬರುವಷ್ಟರಲ್ಲಿ ಸಂಖ್ಯೆ 15 ಕೋಟಿ 87 ಲಕ್ಷ ದಾಟುತ್ತದೆ. ಒಂಬತ್ತು ಸಾಲಿಗೆ, ಅಂದರೆ ಬರೀ 81 ಊರಿಗೆ, 706 ಲಕ್ಷ ಕೋಟಿ! ರಾಜ್ಯದ ಸಾವಿರಾರು ಊರುಗಳ ಮಾತು ಬಿಡಿ, ಅಲ್ಲಿ ಎಲ್ಲ ನಕ್ಷೆಗಳನ್ನೂ ಎಣಿಸುವ ಕಂಪ್ಯೂಟರ್ ಇನ್ನೂ ಹುಟ್ಟಿಲ್ಲ. ಜನಸಂಖ್ಯೆ ಸಮನಾಗಿರಬೇಕು, ಕ್ಷೇತ್ರ ಅಖಂಡವಾಗಿರಬೇಕು ಎಂಬ ಎರಡು ನಿಯಮ ಪಾಲಿಸಿದ ಮೇಲೂ ಉಳಿಯುವ ನಕ್ಷೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದನ್ನು ಆರಿಸಿದಾಗ ‘ಜನಸಂಖ್ಯೆ ಹಾಗಿತ್ತು, ಹೀಗೆ ಮಾಡಿದೆವು’ ಎಂದರೆ ಅದು ಕಾರಣವಾಗುವುದಿಲ್ಲ.

ಆಯ್ಕೆಯಿಂದ ಫಲಿತಾಂಶವೂ ಬದಲಾಗುತ್ತದೆ. ಆ ಒಂಬತ್ತು ಊರುಗಳಲ್ಲಿ ಐದು ಒಂದು ಪಕ್ಷದ ಕಡೆ, ನಾಲ್ಕು ಇನ್ನೊಂದರ ಕಡೆ ಇವೆಯೆನ್ನಿ. ನಾಲ್ಕು ಊರಿನವರು ಎರಡು ಕ್ಷೇತ್ರಗಳಲ್ಲಿ ಎರಡೆರಡಾಗಿ ಬಿದ್ದರೆ ಮೂರರಲ್ಲಿ ಎರಡು ಸ್ಥಾನ ಅವರದೇ. ಕಡಿಮೆ ಮತ, ಹೆಚ್ಚು ಸ್ಥಾನ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1812ರಲ್ಲಿ ಗವರ್ನರ್ ಎಲ್‌ಬ್ರಿಜ್ ಗೆರ್ರಿ ಸಹಿ ಹಾಕಿದ ವಕ್ರ ನಕ್ಷೆಯಿಂದ ಈ ಕಲೆಗೆ ‘ಗೆರ್ರಿಮ್ಯಾಂಡರ್’ ಎಂಬ ಹೆಸರು ಬಂತು. ಇದನ್ನು ಹಿಡಿಯಲು ಈಗ ಒಳ್ಳೆಯ ಉಪಾಯವಿದೆ. ನಿಯಮಕ್ಕೆ ಒಪ್ಪುವ ಸಾವಿರಾರು ನಕ್ಷೆಗಳನ್ನು ಪಕ್ಷದ ಹಂಗಿಲ್ಲದೆ ಕಂಪ್ಯೂಟರ್‌ನಿಂದ ಬರೆಸಿ, ಸರ್ಕಾರದ ನಕ್ಷೆಯನ್ನು ಅವುಗಳ ಪಕ್ಕ ಇಟ್ಟು ನೋಡುವುದು. ನಾರ್ತ್ ಕೆರೊಲಿನಾದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಗಣಿತಜ್ಞ ಜೊನಾಥನ್ ಮ್ಯಾಟಿಂಗ್ಲಿ 24,000ಕ್ಕೂ ಹೆಚ್ಚು ನಕ್ಷೆಗಳನ್ನು ಹೀಗೆ ಬರೆಸಿ, ಅಲ್ಲಿಯ ಅಧಿಕೃತ ನಕ್ಷೆ ಗುಂಪಿನಿಂದ ಎಷ್ಟು ಹೊರಗೆ ನಿಂತಿದೆ ಎಂದು ನ್ಯಾಯಾಲಯಕ್ಕೆ ತೋರಿಸಿದರು. ಮೋಸದ ನಕ್ಷೆಯನ್ನು ವಿಜ್ಞಾನ ಹೀಗೆ ಎತ್ತಿ ತೋರಬಲ್ಲದು. ಮೋಸವಿಲ್ಲದ ಸಾವಿರ ನಕ್ಷೆಗಳಲ್ಲಿ ನಮಗೆ ಯಾವುದು ಎಂದು ಕೇಳಿದರೆ ಮಾತ್ರ ಅದು ಸುಮ್ಮನಾಗುತ್ತದೆ.

ಕಾನೂನು ಇನ್ನೂ ಕೆಲವು ಅಳತೆಗಳನ್ನು ಕೊಟ್ಟಿದೆ. 2002ರ ಪುನರ್ವಿಂಗಡಣೆ ಕಾಯ್ದೆಯ ಪ್ರಕಾರ ಕ್ಷೇತ್ರ ಆದಷ್ಟೂ ಅಡಕವಾಗಿರಬೇಕು. ನೆಲದ ಲಕ್ಷಣ, ಈಗಿರುವ ಆಡಳಿತ ಗಡಿ, ಸಂಪರ್ಕ, ಜನರ ಅನುಕೂಲ ಇವನ್ನು ಗಮನಿಸಬೇಕು. ಅಡಕವನ್ನು ಸೂತ್ರದಿಂದ ಅಳೆಯಬಹುದು. ‘ಜನರ ಅನುಕೂಲ’ವನ್ನು ಯಾವ ಸೂತ್ರದಿಂದ ಅಳೆಯುವುದು? ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಎಕರೆ ಸಮ ಬಂದರೆ ಜಗಳ ಮುಗಿಯುವುದಿಲ್ಲ, ಬಾವಿ ಯಾರ ಪಾಲಿಗೆ ಎಂಬುದರಲ್ಲಿ ಶುರುವಾಗುತ್ತದೆ. ಈ ಸೀಮೆಯಲ್ಲಿ ಆ ಬಾವಿ ಎಂದರೆ ಮಲಪ್ರಭಾ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣದ ಮೆಣಸಗಿ, ಹೊಳೆಆಲೂರು, ಆಚೆ ದಂಡೆಯ ಬಾದಾಮಿ ತಾಲ್ಲೂಕಿನ ಊರುಗಳು ಒಟ್ಟಿಗೇ ತತ್ತರಿಸುತ್ತವೆ. 2009ರಲ್ಲೂ 2019ರಲ್ಲೂ ಹಾಗೇ ಆಯಿತು. ನೀರು ಬರದಿದ್ದರೂ ಇವೆಲ್ಲ ಒಟ್ಟಿಗೇ ಬೀದಿಗಿಳಿಯುತ್ತವೆ. 1980ರ ನರಗುಂದ–ನವಲಗುಂದ ರೈತ ಬಂಡಾಯ ಎದ್ದದ್ದು ಮಲಪ್ರಭಾ ಕಾಲುವೆಯ ಕರದ ಮೇಲೆ; ಕಳಸಾ–ಬಂಡೂರಿ ಹೋರಾಟ ನಡೆದಿರುವುದು ಈ ಹೊಳೆಯ ನೀರಿಗಾಗಿ. ಹೀಗೆ ಒಂದೇ ಹೊಳೆಗೆ ಕಟ್ಟುಬಿದ್ದ ನಾಡು ಲೋಕಸಭೆಯ ನಕ್ಷೆಯಲ್ಲಿ ನಾಲ್ಕು ಹೋಳು: ಸವದತ್ತಿ ಬೆಳಗಾವಿಗೆ, ನವಲಗುಂದ ಧಾರವಾಡಕ್ಕೆ, ನರಗುಂದ ಮತ್ತು ಬಾದಾಮಿ ಬಾಗಲಕೋಟೆಗೆ, ರೋಣ ಹಾವೇರಿಗೆ.

ಇದು ತಪ್ಪೇ? ಥಟ್ಟನೆ ಹೌದು ಎನ್ನುವವರಿದ್ದಾರೆ. ಹೊಳೆಸಾಲಿನವರು ನಾಲ್ಕೂ ಕಡೆ ಚದುರಿ ಎಲ್ಲೂ ಬಹುಮತವಾಗದೆ, ಯಾವ ಸಂಸದರಿಗೂ ಇವರ ನೀರು ಮೊದಲ ಚಿಂತೆಯಾಗುವುದಿಲ್ಲ ಎಂಬುದು ಅವರ ವಾದ. ದಿಲ್ಲಿಯಲ್ಲಿ ಒಬ್ಬರಿಗಿಂತ ನಾಲ್ವರು ಮಾತಾಡುವುದು ಮೇಲಲ್ಲವೇ ಎಂಬ ವಾದಕ್ಕೂ ಬಲವಿದೆ. ಹೊಲದ ಮಣ್ಣಿನ ಲೆಕ್ಕ ಹಿಡಿದರೆ ಚಿತ್ರ ಮತ್ತೆ ಬೇರೆ. ನರಗುಂದದ ಎರೆಭೂಮಿಯವನ ಚಿಂತೆ ಕಾಲುವೆ. ಗಜೇಂದ್ರಗಡದ ಗುಡ್ಡದ ಬುಡದಲ್ಲಿರುವವನ ಚಿಂತೆ ಮಳೆ, ಮಗ್ಗ. ಈ ತೂಗಾಟ ಎತ್ತ ವಾಲಬೇಕು ಎಂಬುದಕ್ಕೆ ಜನಗಣತಿಯ ಯಾವ ಕಾಲಂನಲ್ಲೂ ಉತ್ತರವಿಲ್ಲ. ಅಲ್ಲಿ ಬದುಕುವವರ ಬಾಯಿಂದಲೇ ಬರಬೇಕಾದ ಮಾಹಿತಿ ಇದು. ಹಾಗಾಗಿ ಜನರ ಅಭಿಪ್ರಾಯ ಕೇಳುವುದನ್ನು ಆಯೋಗ ತೋರುವ ಔದಾರ್ಯ ಎಂದು ನಾನು ಎಣಿಸುವುದಿಲ್ಲ. ನಕ್ಷೆ ಮಾಡಲು ಬೇಕಾದ ದತ್ತಾಂಶದಲ್ಲೇ ಅದು ಒಂದು ಭಾಗ.

ಈಗಿನ ಪದ್ಧತಿಯಲ್ಲಿ ಆ ದತ್ತಾಂಶ ಬರುವುದು ತಡವಾಗಿ. 2002ರ ಕಾಯ್ದೆ ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರನ್ನು ಸಹ ಸದಸ್ಯರನ್ನಾಗಿ ಆಯೋಗದೊಳಗೆ ಕೂರಿಸಿತು. ಅವರಿಗೆ ಮತವಿಲ್ಲ, ಆದರೆ ಕರಡು ಸಿದ್ಧವಾಗುವಾಗ ಮೇಜಿನ ಬಳಿ ಇರುತ್ತಾರೆ. ಅದೂ ತಮ್ಮದೇ ಕ್ಷೇತ್ರದ ಗೆರೆ ಎಳೆಯುವಾಗ! ಜನರ ಸರದಿ ಕರಡು ಪ್ರಕಟವಾದ ಮೇಲೆ. ರಾಜ್ಯದಲ್ಲಿ ಒಂದೇ ಒಂದು ಬಹಿರಂಗ ಸಭೆ ನಡೆಸಿದರೂ ಕಾನೂನಿನ ಷರತ್ತು ಪೂರೈಸಿದಂತೆ. ಬಂದ ಆಕ್ಷೇಪಗಳನ್ನು ಪರಿಶೀಲಿಸಬೇಕು, ಸರಿ; ಪ್ರತಿಯೊಂದಕ್ಕೂ ಕಾರಣ ಬರೆದು ಉತ್ತರಿಸಬೇಕೆಂಬ ಕಡ್ಡಾಯವಿಲ್ಲ. ಅಂತಿಮ ಆದೇಶ ಹೊರಬಿದ್ದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ, ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು 1966ರ ಮೇಘರಾಜ್ ಕೊಠಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದೇಶ ಎದ್ದು ಕಾಣುವಷ್ಟು ಮನಸೋಇಚ್ಛೆಯದಾಗಿದ್ದರೆ ಪರಿಶೀಲಿಸಬಹುದು ಎಂದು ಅದೇ ಕೋರ್ಟ್ 2024ರಲ್ಲಿ ಬಾಗಿಲು ತುಸು ತೆರೆದಿದೆ. ಆದರೂ ಹಳ್ಳಿಯವರ ಮಾತಿಗೆ ಬೆಲೆ ಇರುವುದು ಗೆರೆ ಒಣಗುವ ಮುಂಚೆಯೇ.

ಸಾಮಾನ್ಯರಿಗೆ ನಕ್ಷೆ, ಲೆಕ್ಕ ಏನು ತಿಳಿಯುತ್ತದೆ ಎಂಬುದು ಮೊದಲ ಆಕ್ಷೇಪ. 2023ರ ಅಸ್ಸಾಂ ಇದಕ್ಕೆ ಉತ್ತರ. ಅಲ್ಲಿ ಚುನಾವಣಾ ಆಯೋಗ ಜೂನ್‌ನಲ್ಲಿ ಕರಡು ಪ್ರಕಟಿಸಿ, ಜುಲೈನಲ್ಲಿ ಗುವಾಹಟಿಯಲ್ಲಿ ಅಹವಾಲು ಕೇಳಿತು. ಬಂದ ಮನವಿಗಳು 1,200ಕ್ಕೂ ಹೆಚ್ಚು. ಸಲಹೆ–ಆಕ್ಷೇಪಗಳಲ್ಲಿ ಸುಮಾರು ಶೇ 45ರಷ್ಟನ್ನು ಅಂತಿಮ ಆದೇಶದಲ್ಲಿ ಅಳವಡಿಸಿಕೊಂಡಿದ್ದಾಗಿ ಆಯೋಗವೇ ಹೇಳಿತು. ಅಲ್ಲಿಯ ಗೆರೆಗಳ ಬಗ್ಗೆ ರಾಜಕೀಯ ತಕರಾರು ಬೇಕಾದಷ್ಟಿವೆ, ಆ ಮಾತು ಬೇರೆ. ಆದರೆ ಅರ್ಧದಷ್ಟು ಸಲಹೆ ಕೆಲಸಕ್ಕೆ ಬಂದವು ಎಂದರೆ, ತಜ್ಞರ ಕರಡಿಗೆ ಗೊತ್ತಿರದಿದ್ದ ಸಂಗತಿ ಜನರಿಗೆ ಗೊತ್ತಿತ್ತು ಎಂದಾಯಿತಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಜನರ ಹೆಸರಿನಲ್ಲಿ ಬರುವವರು ಪಕ್ಷದವರೇ, ಒಂದೇ ಕಚೇರಿಯಲ್ಲಿ ನೂರು ಅರ್ಜಿ ಟೈಪಾಗುತ್ತವೆ ಎಂಬುದು. ಇದು ನಡೆಯುವುದಿಲ್ಲ ಎಂದು ಯಾರೂ ಎದೆ ತಟ್ಟಿ ಹೇಳಲಾರರು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಗೆರೆ ಎಳೆಯುವ ಕೆಲಸವನ್ನೇ ಶಾಸಕರ ಕೈಯಿಂದ ಕಿತ್ತು 14 ಜನ ನಾಗರಿಕರ ಆಯೋಗಕ್ಕೆ ಕೊಟ್ಟಿತು. 2011ರಲ್ಲಿ ಆ ಆಯೋಗಕ್ಕೆ 20,000ಕ್ಕೂ ಹೆಚ್ಚು ಲಿಖಿತ ಅಭಿಪ್ರಾಯಗಳು ಬಂದವು. ಪಕ್ಷದವರು ಅಲ್ಲೂ ಸಾಮಾನ್ಯರ ವೇಷದಲ್ಲಿ ನುಸುಳಿದರೆಂಬ ದೂರೂ ಬಂತು. 2025ರಲ್ಲಂತೂ, ಪಕ್ಷದ ಲಾಭಕ್ಕೆ ನಕ್ಷೆ ತಿದ್ದಿದ ಟೆಕ್ಸಾಸ್ ಮೇಲೆ ಸೇಡು ತೀರಿಸಿಕೊಳ್ಳಲೆಂದು ಕ್ಯಾಲಿಫೋರ್ನಿಯಾದ ಮತದಾರರೇ ನಾಗರಿಕ ಆಯೋಗದ ಸಂಸತ್ ಕ್ಷೇತ್ರಗಳ ನಕ್ಷೆಯನ್ನು ತಾತ್ಕಾಲಿಕವಾಗಿ ಬದಿಗಿಟ್ಟರು. ಸಂಸ್ಥೆ ಎಷ್ಟು ಚೆಂದ ಕಟ್ಟಿದರೂ ರಾಜಕೀಯ ಒಳಗೆ ಬರುತ್ತದೆ. ಆದರೆ ಬೀಗ ಹಾಕಿದ ಕೋಣೆಯಲ್ಲಿ ನಡೆಯುವ ರಾಜಕೀಯಕ್ಕಿಂತ ಬಯಲಲ್ಲಿ ನಡೆಯುವುದನ್ನು ಹಿಡಿಯುವುದು ಸುಲಭ, ಅದರಲ್ಲೂ ಪಕ್ಕದಲ್ಲಿಟ್ಟು ನೋಡಲು ಕಂಪ್ಯೂಟರ್ ಬರೆದ ಸಾವಿರ ನಕ್ಷೆಗಳಿದ್ದಾಗ. ಹಾಗಾದರೆ ಕಂಪ್ಯೂಟರ್‌ಗೇ ಪೂರ್ತಿ ಬಿಡಬಾರದೇಕೆ ಎನ್ನುವವರಿಗೆ ಉತ್ತರ ಆಗಲೇ ಬಂದಿದೆ: ಹೊಳೆ ಮುಖ್ಯವೋ ತಾಲ್ಲೂಕು ಮುಖ್ಯವೋ ಎಂದು ಅದಕ್ಕೆ ಯಾರಾದರೂ ಹೇಳಿಕೊಡಲೇಬೇಕು.

ಈ ಚರ್ಚೆಗೆ ಈಗ ಕಾಲ ಕೂಡಿಬಂದಿದೆ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ರಾಜ್ಯಗಳ ಸ್ಥಾನಸಂಖ್ಯೆ ಬದಲಿಸದಂತೆ 1976ರಿಂದ ಇರುವ ತಡೆ, ಸಂವಿಧಾನದ 84ನೇ ತಿದ್ದುಪಡಿಯ ಪ್ರಕಾರ 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ. ದಕ್ಷಿಣಕ್ಕೆ ಎಷ್ಟು ಸ್ಥಾನ ಎಂಬ ದೊಡ್ಡ ಗದ್ದಲದಲ್ಲಿ ಊರೊಳಗಿನ ಗೆರೆಯ ಮಾತು ಮುಳುಗಿಹೋಗುತ್ತಿದೆ. 2001ರಿಂದ 2011ರವರೆಗೆ ಗದಗ ಜಿಲ್ಲೆಯ ಜನಸಂಖ್ಯೆ ಬೆಳೆದದ್ದು ಶೇ 9.5, ರಾಜ್ಯದ್ದು ಶೇ 15.6, ಬೆಂಗಳೂರು ನಗರ ಜಿಲ್ಲೆಯದು ಶೇ 47. ಇದೇ ಓಟ ಮುಂದುವರಿದಿದ್ದರೆ ಇಲ್ಲಿಯ ಕ್ಷೇತ್ರಗಳು ನೆಲದಲ್ಲಿ ಇನ್ನಷ್ಟು ಹಿಗ್ಗಬೇಕಾಗುತ್ತದೆ. 2008ರಲ್ಲಿ ಇಲ್ಲದ ಗಜೇಂದ್ರಗಡ, ಲಕ್ಷ್ಮೇಶ್ವರ ತಾಲ್ಲೂಕುಗಳ ಗಡಿಯೂ ಈ ಸಲ ಲೆಕ್ಕಕ್ಕೆ ಬರಲಿದೆ. ಕರಡು ಬರಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ನಿಮ್ಮೂರಿನ ಸಂತೆ ಯಾವುದು, ಆಸ್ಪತ್ರೆ ಯಾವುದು, ಹೊಳೆ ಬಂದಾಗ ಯಾವ ರಸ್ತೆ ಕಟ್ಟುತ್ತದೆ, ಯಾವ ಊರುಗಳ ಜೊತೆ ಒಂದೇ ಕ್ಷೇತ್ರದಲ್ಲಿರಬೇಕು, ಏಕೆ ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ ಕಳಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.