ಹೊಳೆ ಮುನಿಯಿತೋ, ನೀರು ಬಿಟ್ಟರೋ?

ಮಳೆಗಾಲ ಬಂತೆಂದರೆ ನಮ್ಮ ಯಾದಗಿರಿ ಜಿಲ್ಲೆಯ ಸುದ್ದಿಗಳಲ್ಲಿ ಕೆಲವು ಮಾತುಗಳು ತಪ್ಪದೇ ಬರುತ್ತವೆ: ಕೃಷ್ಣೆಯ ಆರ್ಭಟ, ಭೀಮೆಯ ಮುನಿಸು, ದಿಢೀರ್ ಪ್ರವಾಹ. ಆದರೆ ಶಹಾಪುರ, ಸುರಪುರದ ಕಡೆ ಹೊಳೆದಂಡೆಯ ಜನರನ್ನು ಕೇಳಿ ನೋಡಿ. ‘ಹೊಳಿ ಸಿಟ್ಟಾಗ್ಯಾದ’ ಎನ್ನುವುದಿಲ್ಲ. ‘ಡ್ಯಾಮಿಂದ ನೀರು ಬಿಟ್ಟಾರ್ರಿ’ ಎನ್ನುತ್ತಾರೆ.

ಹೊಳೆ ಮುನಿದರೆ ಕೈಮುಗಿದು ಕೂರಬೇಕಷ್ಟೆ. ನೀರು ಬಿಟ್ಟರು ಎಂದಾಗ ಮಾತ್ರ ಯಾವಾಗ ಬಿಟ್ಟರು, ಎಷ್ಟು ಬಿಟ್ಟರು, ನಮಗೆ ಮೊದಲೇ ತಿಳಿಸಿದರೇ ಎಂಬ ಪ್ರಶ್ನೆಗಳು ಏಳುತ್ತವೆ.

ಹಾಗಂತ ಬಿಟ್ಟವರದೇ ತಪ್ಪು ಎನ್ನಲಾಗದು. ಬಿಇ ಓದುತ್ತಿರುವ ನನಗೆ ಇಲ್ಲಿ ಲೆಕ್ಕ ನೆನಪಾಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ ಸುಮಾರು 8.6 ಟಿಎಂಸಿ ಅಡಿ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದ ಹೊರಹರಿವು 5 ಲಕ್ಷ ಕ್ಯೂಸೆಕ್ ದಾಟಿತ್ತು. ದಿನಕ್ಕೆ 43 ಟಿಎಂಸಿ! ಜಲಾಶಯದ ಸಾಮರ್ಥ್ಯವೇ ಸುಮಾರು 33 ಟಿಎಂಸಿ. ಅಷ್ಟು ನೀರನ್ನು ಹಿಡಿದಿಡುವುದು ಸಾಧ್ಯವೇ ಇರಲಿಲ್ಲ.

ಆದರೆ ಅದು ‘ದಿಢೀರ್’ ಬಂದ ನೀರೂ ಅಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ ಆಲಮಟ್ಟಿ ದಾಟಿ ನಮ್ಮಲ್ಲಿಗೆ ಬರಲು ಸಮಯ ಬೇಕು. ಎಚ್ಚರಿಸಲು ಸಿಗುವುದು ಆ ಸಮಯವೇ. ‘ದಿಢೀರ್’ ಎಂಬ ಪದ ಅದನ್ನೇ ಮರೆಸಿಬಿಡುತ್ತದೆ.

ಅಂಕಿಗಳೂ ಅಷ್ಟೆ. ‘ಲಕ್ಷ ಕ್ಯೂಸೆಕ್’ ಎಂದು ಓದಿದ ರೈತನಿಗೆ ಬೇಕಾದ ಉತ್ತರ ಬೇರೆ: ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ ಮುಳುಗುತ್ತದೆಯೇ? ಭತ್ತದ ಗದ್ದೆಗೆ ನೀರು ನುಗ್ಗುತ್ತದೆಯೇ? ಪಂಪ್‌ಸೆಟ್ ಇಂದೇ ಮೇಲೆತ್ತಬೇಕೇ?

ಹೊಗಳಿಕೆಯ ಪದಗಳೂ ಕಣ್ಣು ಕಟ್ಟುತ್ತವೆ. ಸುರಪುರ ಭಾಗದ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ಊರು. ಹೊಳೆ ತುಂಬಿದಾಗ ಅಲ್ಲಿನವರು ಸೋರೆಬುರುಡೆ ಕಟ್ಟಿಕೊಂಡು ಈಜಿ ದಾಟಿದ್ದುಂಟು. ಅದನ್ನು ‘ಸಾಹಸ’ ಎಂದರೆ ಮೆಚ್ಚುಗೆ ಮೂಡುತ್ತದೆ. ‘ಸೇತುವೆ ಇಲ್ಲದ್ದಕ್ಕೆ ಈಜಿದರು’ ಎಂದರೆ ಸೇತುವೆ ನೆನಪಾಗುತ್ತದೆ.

ಗೆಳೆಯರೇ, ಸ್ಪರ್ಧಾತ್ಮಕ ಪರೀಕ್ಷೆಗೆಂದು ನಾವೆಲ್ಲ ದಿನವೂ ಪತ್ರಿಕೆ ಓದಿ ಅಂಕಿ ಅಂಶ ಗುರುತು ಹಾಕಿಕೊಳ್ಳುತ್ತೇವೆ. ಜೊತೆಗೆ ಕ್ರಿಯಾಪದವನ್ನೂ ಗಮನಿಸೋಣ: ಯಾರು ಮಾಡಿದರು, ಯಾರಿಗೆ ತಿಳಿಸಿದರು? ಹೊರಹರಿವು ಹೆಚ್ಚುವ ಸುದ್ದಿ ಕಂಡ ದಿನ ಹೊಳೆದಂಡೆಯ ನೆಂಟರಿಗೊಂದು ಫೋನ್ ಮಾಡಿ, ಪಂಪ್‌ಸೆಟ್ ಮೇಲೆತ್ತಲು ಹೇಳೋಣ.