ಸಿಹಿಮೂತ್ರ ರೋಗವೂ ರೈತನ ಹಿತ್ತಲೂ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ಬಸವಾಪಟ್ಟಣವು ಹಿಂದೊಮ್ಮೆ ಪಾಳೆಯಗಾರರ ರಾಜಧಾನಿಯಾಗಿದ್ದ ಊರು. ಸೂಳೆಕೆರೆಯ ಜಲರಾಶಿಯು ಇದಕ್ಕೆ ಸಮೀಪದಲ್ಲಿಯೇ ಇರುವುದು. ೧೯೬೦ರ ದಶಕದಲ್ಲಿ ಭದ್ರಾ ಜಲಾಶಯದ ಕೆಲಸವು ಪೂರ್ಣಗೊಂಡು ನಾಲೆಯ ನೀರು ತಾಲ್ಲೂಕಿನ ಭೂಮಿಗೆ ಹರಿದ ಮೇಲೆ ಈ ಸೀಮೆಯ ಬೇಸಾಯದ ಕ್ರಮವೇ ಬದಲಾಯಿತು. ರಾಗಿ, ಜೋಳ, ಹುರುಳಿ, ತೊಗರಿಗಳನ್ನು ಬೆಳೆಯುತ್ತಿದ್ದ ಖುಷ್ಕಿ ಜಮೀನುಗಳು ಅನೇಕ ಕಡೆಗಳಲ್ಲಿ ತರಿಯಾದುವು, ತರಿಯು ಬಾಗಾಯ್ತಾಯಿತು. ಗದ್ದೆಯಲ್ಲಿ ಬತ್ತವೂ ತೋಟದಲ್ಲಿ ಅಡಿಕೆಯೂ ಇಂದು ಪ್ರಧಾನವಾದ ಬೆಳೆಗಳು. ಇದರಿಂದ ರೈತನ ಕೈಗೆ ಹಣ ಬಂದಿರುವುದು ನಿಜ. ಆದರೆ ಜಮೀನಿನಲ್ಲಿ ಆದ ಮಾರ್ಪಾಡು ಜಮೀನಿನಲ್ಲಿಯೇ ನಿಲ್ಲುವುದಿಲ್ಲ. ಅದು ಅಡಿಗೆಯ ಮನೆಗೂ, ಅಲ್ಲಿಂದ ಮನೆಯವರ ಶರೀರಕ್ಕೂ ಬಂದು ಸೇರುವುದು.

ಸಿಹಿಮೂತ್ರ ಅಥವಾ ಮಧುಮೇಹವೆಂಬ ರೋಗವು ಪಟ್ಟಣವಾಸಿಗಳಿಗೂ, ಕುಳಿತು ಉಣ್ಣುವ ಧನಿಕರಿಗೂ ಮಾತ್ರ ಬರತಕ್ಕದ್ದೆಂದು ಗ್ರಾಮಾಂತರದ ಜನರು ಬಹುಕಾಲ ನಂಬಿದ್ದರು. ಈ ನಂಬಿಕೆಯು ಈಗ ನಿಲ್ಲತಕ್ಕದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ೨೦೦೮ರಿಂದ ೨೦೨೦ರವರೆಗೆ ದೇಶದ ಎಲ್ಲ ಭಾಗಗಳಲ್ಲಿಯೂ ನಡೆದು, ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಮಂದಿಯನ್ನು ಪರೀಕ್ಷಿಸಲಾಯಿತು. ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಜನರಿಗೆ ಈ ರೋಗವಿರುವುದೆಂದು ಅದರಿಂದ ಅಂದಾಜು ಮಾಡಲ್ಪಟ್ಟಿತು. ಪಟ್ಟಣಗಳಲ್ಲಿ ನೂರಕ್ಕೆ ೧೬ಕ್ಕಿಂತ ಹೆಚ್ಚು ಮಂದಿಗೂ, ಹಳ್ಳಿಗಳಲ್ಲಿ ನೂರಕ್ಕೆ ಸುಮಾರು ೯ ಮಂದಿಗೂ ರೋಗವು ಕಂಡುಬಂದಿತು. ಆದರೆ ರೋಗದ ಹೊಸ್ತಿಲಿನಲ್ಲಿ ನಿಂತವರ, ಎಂದರೆ ರಕ್ತದಲ್ಲಿ ಸಕ್ಕರೆಯು ಏರಿದ್ದರೂ ರೋಗದ ಮಟ್ಟವನ್ನು ಇನ್ನೂ ಮುಟ್ಟದವರ, ಸಂಖ್ಯೆಯಲ್ಲಿ ಪಟ್ಟಣಕ್ಕೂ ಹಳ್ಳಿಗೂ ಭೇದವೇ ಇರಲಿಲ್ಲ. ಎರಡು ಕಡೆಯೂ ನೂರಕ್ಕೆ ಸುಮಾರು ೧೫. ಇವರಲ್ಲಿ ಅನೇಕರು ಮುಂದೆ ರೋಗಿಗಳಾಗತಕ್ಕವರು. ಆದುದರಿಂದ ಈ ವಿಷಯವು ರೈತನಿಗೆ ಹೊರತಾದುದಲ್ಲ.

ರೋಗದ ಸ್ವರೂಪ

ಉಂಡ ಅನ್ನವು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುವುದು. ಮಾಂಸಖಂಡಗಳು ಆ ಸಕ್ಕರೆಯನ್ನು ಒಳಕ್ಕೆ ತೆಗೆದುಕೊಳ್ಳಬೇಕಾದರೆ ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ಇನ್ಸುಲಿನ್ ಎಂಬ ರಸವು ಬೇಕು. ರಕ್ತನಾಳವನ್ನು ನಾಲೆಗೂ ಮಾಂಸಖಂಡವನ್ನು ಗದ್ದೆಗೂ ಹೋಲಿಸಿದರೆ, ಇನ್ಸುಲಿನ್ ತೂಬನ್ನು ಎತ್ತುವ ನೀರಗಂಟಿಯಂತಿರುವುದು. ನೀರಗಂಟಿಯು ಬಾರದಿದ್ದರೂ, ಬಂದಾಗ ತೂಬು ತುಕ್ಕು ಹಿಡಿದು ಏಳದಿದ್ದರೂ, ನಾಲೆಯು ತುಂಬಿ ಹರಿಯುವುದು, ಗದ್ದೆಯು ಒಣಗುವುದು. ಹೊಟ್ಟೆಯ ಸುತ್ತಲೂ ಒಳಗೂ ಸೇರುವ ಕೊಬ್ಬು ಈ ತುಕ್ಕಿಗೆ ಮುಖ್ಯ ಕಾರಣಗಳಲ್ಲಿ ಒಂದು. ರಕ್ತದಲ್ಲಿ ನಿಂತ ಸಕ್ಕರೆಯು ವರ್ಷಗಟ್ಟಲೆ ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಸದ್ದಿಲ್ಲದೆ ಕೆಡಿಸುವುದು.

ಈ ರೋಗವು ಭಾರತದ ವೈದ್ಯರಿಗೆ ಹೊಸದಲ್ಲ. ಹುಟ್ಟಿನೊಂದಿಗೇ ಬರುವುದೆಂದೂ, ಅಪಥ್ಯದಿಂದ ಬರುವುದೆಂದೂ ಪ್ರಮೇಹವನ್ನು ಸುಶ್ರುತಸಂಹಿತೆಯಲ್ಲಿ ಎರಡು ಬಗೆಯಾಗಿ ವಿಂಗಡಿಸಲಾಗಿದೆ. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನನ್ನು ಬೇರ್ಪಡಿಸಿದ ಮೇಲೆ ಚಿಕಿತ್ಸೆಯ ದಾರಿಯು ತೆರೆಯಿತು. ಆದರೆ ದೇಹ ಅಷ್ಟೇನೂ ಸ್ಥೂಲವಲ್ಲದ ಭಾರತೀಯರಲ್ಲಿ ಈ ರೋಗವು ಇಷ್ಟು ಹೆಚ್ಚಾಗಿಯೂ, ಇಷ್ಟು ಚಿಕ್ಕ ವಯಸ್ಸಿನಲ್ಲಿಯೂ ಬರುವುದೇಕೆಂಬ ಪ್ರಶ್ನೆಯು ಉಳಿದೇ ಇದ್ದಿತು. ಅದಕ್ಕೆ ಉತ್ತರದ ಒಂದು ಭಾಗವು ಮೈಸೂರಿನಲ್ಲಿಯೇ ದೊರೆಯಿತು.

ಮೈಸೂರಿನ ಹೆರಿಗೆಯ ದಾಖಲೆಗಳು

ಮೈಸೂರು ನಗರದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವರು. ೧೯೩೪ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಅರ್ಧ ಶತಮಾನವು ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕೆರೊಲಿನ್ ಫಾಲ್ ಮೊದಲಾದ ವಿದ್ವಾಂಸರೂ ಮೈಸೂರಿನ ವೈದ್ಯರೂ ಕೂಡಿ, ಆ ಪುಸ್ತಕಗಳಲ್ಲಿ ನಮೂದಾಗಿದ್ದ ಶಿಶುಗಳನ್ನು ಮಧ್ಯವಯಸ್ಸಿನ ಗಂಡಸರೂ ಹೆಂಗಸರೂ ಆಗಿದ್ದಾಗ ಹುಡುಕಿಸಿ ಪರೀಕ್ಷಿಸಿದರು. ೧೯೯೬ರಲ್ಲಿ ಪ್ರಕಟವಾದ ವರದಿಯಂತೆ, ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದಿತು. ಏಳು ಪೌಂಡು ಅಥವಾ ಹೆಚ್ಚು ತೂಗಿದವರಲ್ಲಿ ಅದು ನೂರಕ್ಕೆ ೩ ಮಾತ್ರ.

ಮಧುಮೇಹದ ವಿಷಯದಲ್ಲಿ ೧೯೯೮ರ ವರದಿಯು ಇನ್ನೊಂದು ಸಂಗತಿಯನ್ನು ತಿಳಿಸಿತು. ಹುಟ್ಟಿದಾಗ ಉದ್ದ ಕಡಿಮೆಯಾಗಿದ್ದು ಅದಕ್ಕೆ ಮೀರಿದ ದಪ್ಪವಿದ್ದವರಲ್ಲಿಯೂ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿಯೂ ಈ ರೋಗವು ಅಧಿಕವಾಗಿದ್ದಿತು. ಗರ್ಭಕಾಲದಲ್ಲಿ ತಾಯಿಯ ರಕ್ತದಲ್ಲಿ ಸಕ್ಕರೆಯು ಏರಿದರೆ ಅದು ಶಿಶುವಿಗೂ ಹರಿದು, ಶಿಶುವು ಕೊಬ್ಬನ್ನು ಕೂಡಿಸಿಕೊಂಡು ಹುಟ್ಟಿರಬಹುದೆಂದು ವಿದ್ವಾಂಸರು ಊಹಿಸಿದರು. ಹೀಗೆ ಗರ್ಭಕಾಲದ ಕೊರತೆಯೂ ಕೇಡು, ಮಿತಿಮೀರಿದ ಪೂರೈಕೆಯೂ ಕೇಡು ಎಂಬುದು ಒಂದೇ ಆಸ್ಪತ್ರೆಯ ಪುಸ್ತಕಗಳಿಂದ ತಿಳಿದುಬಂದಿತು. ಹಾಲ್ದೆನೆಯ ಕಾಲದಲ್ಲಿ ಗದ್ದೆಗೆ ನೀರು ತಪ್ಪಿದರೆ ಕಾಳು ಜೊಳ್ಳಾಗುವುದೆಂದು ತಿಳಿದಿರುವ ಬೇಸಾಯಗಾರನಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಆಗ ತಪ್ಪಿದುದನ್ನು ಕೊಯ್ಲಿನ ಕಾಲದಲ್ಲಿ ತುಂಬಿಕೊಡಲಾಗದು.

ಆ ಊಹೆಯನ್ನು ನೇರವಾಗಿ ಪರೀಕ್ಷಿಸುವುದಕ್ಕಾಗಿ ಅದೇ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ೮೦೦ಕ್ಕೂ ಹೆಚ್ಚು ಗರ್ಭಿಣಿಯರ ರಕ್ತಪರೀಕ್ಷೆಯಾಯಿತು. ಡಾಕ್ಟರ್ ಜಿ. ವಿ. ಕೃಷ್ಣವೇಣಿ ಮತ್ತು ಅವರ ಸಹೋದ್ಯೋಗಿಗಳು ಈ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಟ್ಟಲೆ ಬಿಡದೆ ಗಮನಿಸುತ್ತ ಬಂದರು. ನೂರಕ್ಕೆ ೬ ಮಂದಿ ಗರ್ಭಿಣಿಯರಲ್ಲಿ ಗರ್ಭಕಾಲದ ಮಧುಮೇಹವು ಕಂಡುಬಂದಿತು. ಐದು ವರ್ಷಗಳ ಮೇಲೆ ಪುನಃ ಪರೀಕ್ಷಿಸಲಾಗಿ, ಅಂತಹ ಸ್ತ್ರೀಯರಲ್ಲಿ ನೂರಕ್ಕೆ ೩೭ರಷ್ಟು ಮಂದಿಗೆ ಮಧುಮೇಹವು ಸ್ಥಿರವಾಗಿ ನಿಂತಿದ್ದಿತು. ಉಳಿದವರಲ್ಲಿ ಅದು ನೂರಕ್ಕೆ ೨ ಮಾತ್ರ. ಆ ಸ್ತ್ರೀಯರ ಹೆಣ್ಣುಮಕ್ಕಳ ಶರೀರದಲ್ಲಿ ಐದನೆಯ ವಯಸ್ಸಿಗಾಗಲೇ ಕೊಬ್ಬಿನ ಅಂಶವು ಹೆಚ್ಚಾಗಿದ್ದಿತು. ಇಂತಹ ಮಗಳು ಬೆಳೆದು ತಾಯಿಯಾದಾಗ ರೋಗವು ಮುಂದಿನ ತಲೆಮಾರಿಗೂ ದಾಟಬಹುದು. ಇದಲ್ಲದೆ, ಆ ಗರ್ಭಿಣಿಯರಲ್ಲಿ ನೂರಕ್ಕೆ ೪೩ ಮಂದಿಗೆ ಬಿ೧೨ ಎಂಬ ಜೀವಸತ್ತ್ವವು ಸಾಲದಾಗಿದ್ದುದೂ ತಿಳಿದುಬಂದಿತು. ಈ ಜೀವಸತ್ತ್ವವು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುವುದೇ ಹೊರತು ಧಾನ್ಯಗಳಲ್ಲಿಯೂ ತರಕಾರಿಗಳಲ್ಲಿಯೂ ದೊರೆಯುವುದಿಲ್ಲ.

ಪುಣೆಯ ಹಳ್ಳಿಗಳು, ಮುಂಬಯಿಯ ಪ್ರಯೋಗ

ಮೈಸೂರಿನದು ನಗರದ ಆಸ್ಪತ್ರೆ. ಬೇಸಾಯದ ಮನೆಗಳ ಸ್ಥಿತಿಯೇನೆಂಬುದು ಮಹಾರಾಷ್ಟ್ರದ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ೧೯೯೩ರಿಂದ ೧೯೯೬ರವರೆಗೆ ಡಾಕ್ಟರ್ ಚಿತ್ತರಂಜನ ಯಾಜ್ಞಿಕರು ನಡೆಸಿದ ಪರಿಶೋಧನೆಯಿಂದ ಗೊತ್ತಾಯಿತು. ಅಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕವು ಸುಮಾರು ೨.೭ ಕಿಲೋಗ್ರಾಂ, ಇಂಗ್ಲೆಂಡಿನ ಶಿಶುಗಳದು ೩.೫. ಆದರೆ ಈ ಎಳೆಯ ಶರೀರಗಳಲ್ಲಿ ಕುಗ್ಗಿದ್ದುದು ಮುಖ್ಯವಾಗಿ ಮಾಂಸಖಂಡಗಳು ಮತ್ತು ಹೊಟ್ಟೆಯೊಳಗಿನ ಅಂಗಗಳು. ಚರ್ಮದ ಕೆಳಗಿನ ಕೊಬ್ಬು ಅಷ್ಟಾಗಿ ಕುಗ್ಗಿರಲಿಲ್ಲ. ನೋಟಕ್ಕೆ ತೆಳ್ಳಗಿದ್ದರೂ ಒಳಗೆ ಕೊಬ್ಬಿರುವ ಈ ಮೈಕಟ್ಟು ಮುಂದೆ ಅನ್ನವು ಹೆಚ್ಚಿ ದುಡಿಮೆಯು ಕಡಿಮೆಯಾದಾಗ ಮಧುಮೇಹಕ್ಕೆ ಎಡೆಗೊಡುವುದು. ಅದೇ ಹಳ್ಳಿಗಳಲ್ಲಿ ಹಾಲು, ಹಸುರು ಸೊಪ್ಪು, ಹಣ್ಣುಗಳನ್ನು ಹೆಚ್ಚಾಗಿ ಸೇವಿಸಿದ ತಾಯಂದಿರ ಶಿಶುಗಳು ಹೆಚ್ಚು ಪುಷ್ಟಿಯಾಗಿದ್ದುವು.

ಸೊಪ್ಪು ಹಾಲುಗಳನ್ನು ತಿಂದುದರಿಂದಲೇ ಹೀಗಾಯಿತೋ, ಬೇರೆ ಕಾರಣದಿಂದಲೋ ಎಂದು ಸಂಶಯಪಡುವವರಿಗೆ ಮುಂಬಯಿಯ ಪ್ರಯೋಗವು ಸಮಾಧಾನವನ್ನು ಹೇಳುವುದು. ಕೃಷಿಕ್ಷೇತ್ರದಲ್ಲಿ ಗೊಬ್ಬರವನ್ನು ಪರೀಕ್ಷಿಸುವಾಗ ಸಾಲಾಗಿ ಮಡಿಗಳನ್ನು ಹಂಚಿ, ಕೆಲವಕ್ಕೆ ಹಾಕಿ ಕೆಲವಕ್ಕೆ ಬಿಡುವಂತೆ, ಅಲ್ಲಿನ ಬಡ ಬಡಾವಣೆಗಳ ಸ್ತ್ರೀಯರನ್ನು ಚೀಟಿಯೆತ್ತಿದ ರೀತಿಯಲ್ಲಿ ಎರಡು ಗುಂಪುಗಳಾಗಿ ಮಾಡಲಾಯಿತು. ಒಂದು ಗುಂಪಿಗೆ ಗರ್ಭಧಾರಣೆಗೆ ಮೊದಲಿನಿಂದಲೇ ಪ್ರತಿದಿನವೂ ಸೊಪ್ಪು, ಹಣ್ಣು, ಹಾಲುಗಳಿಂದ ಮಾಡಿದ ತಿಂಡಿಯನ್ನೂ, ಇನ್ನೊಂದಕ್ಕೆ ಆಲೂಗಡ್ಡೆ ಈರುಳ್ಳಿ ಮುಂತಾದವುಗಳಿಂದ ಮಾಡಿದ ತಿಂಡಿಯನ್ನೂ ಕೊಡಲಾಯಿತು. ೨೦೧೬ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗರ್ಭಕಾಲದ ಮಧುಮೇಹವು ಎರಡನೆಯ ಗುಂಪಿನಲ್ಲಿ ನೂರಕ್ಕೆ ೧೨.೪ ಮಂದಿಗೂ, ಸೊಪ್ಪು ಹಾಲುಗಳನ್ನು ತಿಂದವರಲ್ಲಿ ೭.೩ ಮಂದಿಗೂ ಬಂದಿತು. ಔಷಧವಿಲ್ಲದೆ, ತಿಂಡಿಯೊಂದರಿಂದಲೇ ಇಷ್ಟು ವ್ಯತ್ಯಾಸವಾದುದು ಅಲ್ಪವಲ್ಲ.

ರೈತನ ಮನೆಯಲ್ಲಿ ಮಾಡತಕ್ಕದ್ದು

ಬಸವಾಪಟ್ಟಣದಂತಹ ನೀರಾವರಿ ಸೀಮೆಯ ರೈತನಿಗೆ ಇದರಲ್ಲಿ ತಿಳಿಯತಕ್ಕದ್ದು ಸ್ಪಷ್ಟವಾಗಿದೆ. ಮನೆಯ ಹಾಲೆಲ್ಲವೂ ಡೈರಿಯ ಕ್ಯಾನಿಗೂ, ತೋಟದ ಫಲವೆಲ್ಲವೂ ಮಂಡಿಗೂ ಹೋಗಿ, ಬಸುರಿಯ ಎಲೆಗೆ ಅನ್ನವೂ ತಿಳಿಸಾರೂ ಮಾತ್ರ ಉಳಿದರೆ, ಆ ವರ್ಷದ ಲಾಭದಲ್ಲಿ ಒಂದು ಪಾಲು ನಷ್ಟವೆಂದೇ ಎಣಿಸಬೇಕು. ಮಾರುವುದಕ್ಕೆ ಮೊದಲು ಮನೆಗೆಂದು ದಿನಕ್ಕೆ ಇಂತಿಷ್ಟು ಹಾಲನ್ನು ತೆಗೆದಿಡುವುದು ಪ್ರತಿಯೊಬ್ಬ ಗೃಹಸ್ಥನೂ ಮಾಡಬಹುದಾದ ಕೆಲಸ. ಈ ಪಾಲು ಗಂಡಸರ ಕಾಫಿ ಟೀಗಳಲ್ಲಿಯೇ ಮುಗಿದುಹೋಗದೆ ಸೊಸೆಗೂ ಮಗಳಿಗೂ ಸಲ್ಲುವಂತೆ ನೋಡಿಕೊಳ್ಳಬೇಕು.

ಬಚ್ಚಲ ನೀರು ಹರಿಯುವ ಹಿತ್ತಲಿನಲ್ಲಿ ಒಂದು ನುಗ್ಗೆಯ ಮರ, ಒಂದೆರಡು ಪರಂಗಿ, ಒಂದು ಸೀಬೆ, ಬೇಲಿಗೆ ಬಸಳೆ, ನಾಲ್ಕು ಮಡಿ ಹರಿವೆ ದಂಟು ಮೆಂತ್ಯಗಳಿದ್ದರೆ ಮನೆಗೆ ವರ್ಷವೆಲ್ಲವೂ ಸೊಪ್ಪು ಹಣ್ಣುಗಳು ದೊರೆಯುವುವು. ಎರೆಗೊಬ್ಬರವೋ ಕೊಟ್ಟಿಗೆ ಗೊಬ್ಬರವೋ ಇದಕ್ಕೆ ಸಾಕು. ಕೀಟನಾಶಕವನ್ನು ಹೊಡೆದ ಗದ್ದೆಯ ಬದುವಿನ ಸೊಪ್ಪನ್ನು ಮಾತ್ರ ಕೊಯ್ಯಬಾರದು. ನೀರು ನಿಲ್ಲದ ಬದುಗಳ ಮೇಲೆ ತೊಗರಿ, ಅವರೆಗಳನ್ನು ಹಾಕುವ ಹಳೆಯ ವಾಡಿಕೆಯನ್ನು ಪುನಃ ಹಿಡಿಯುವುದು ಒಳ್ಳೆಯದು.

ಖುಷ್ಕಿಯು ಸ್ವಲ್ಪವಾದರೂ ಉಳಿದಿರುವವರು ಮನೆಗೆ ಬೇಕಾಗುವಷ್ಟು ರಾಗಿಯನ್ನು ಬಿತ್ತುವುದು ಯುಕ್ತ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೧೧ ಗ್ರಾಂ ನಾರೂ, ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಸತ್ತ್ವವೂ ಇರುವುವು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ನಾರು ೩ ಗ್ರಾಮಿಗಿಂತ ಕಡಿಮೆ, ಸುಣ್ಣವು ೧೦ ಮಿಲಿಗ್ರಾಂ ಮಾತ್ರ. ಆದಾಗ್ಯೂ ರಾಗಿಯು ಮಧುಮೇಹಕ್ಕೆ ಔಷಧವೆಂದು ತಿಳಿಯಬಾರದು. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯು ಅಳತೆ ಮೀರಿದರೆ ಅದರಿಂದಲೂ ರಕ್ತದ ಸಕ್ಕರೆಯು ಏರುವುದು. ಮುದ್ದೆಯು ಸಣ್ಣದಾಗಿ, ಕಾಳು ಸೊಪ್ಪುಗಳ ಸಾರು ಹೆಚ್ಚಾಗಿರುವುದು ಸರಿಯಾದ ಕ್ರಮ. ಉತ್ತುವ, ನಾಟಿ ಮಾಡುವ, ಒಕ್ಕುವ ಕೆಲಸಗಳನ್ನು ಯಂತ್ರಗಳು ವಹಿಸಿಕೊಂಡಿರುವ ಈ ಕಾಲದಲ್ಲಿ ಅನ್ನದ ಅಳತೆಯು ಎತ್ತಿನ ಬೇಸಾಯದ ಕಾಲದ್ದಾಗಿಯೇ ಇರುವುದು ತರವಲ್ಲ.

ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ೭೫ ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆಗಳ ಮೇಲೆ ರಕ್ತವನ್ನು ಪರೀಕ್ಷಿಸುವ ಕ್ರಮವಿದೆ. ಸಕ್ಕರೆಯು ೧೪೦ ಅಥವಾ ಹೆಚ್ಚು ಇದ್ದರೆ ಗರ್ಭಕಾಲದ ಮಧುಮೇಹವೆಂದು ಎಣಿಸುವರು. ಮೊದಲನೆಯ ಭೇಟಿಯಲ್ಲಿ ಸರಿಯಿದ್ದರೂ ೨೪ರಿಂದ ೨೮ನೆಯ ವಾರದೊಳಗೆ ಪುನಃ ಪರೀಕ್ಷಿಸಿಕೊಳ್ಳಬೇಕು. ನಾಟಿಯ ಅಥವಾ ಅಡಿಕೆ ಸುಲಿಯುವ ಕೆಲಸದ ಗಡಿಬಿಡಿಯಲ್ಲಿ ಇದನ್ನು ತಪ್ಪಿಸಬಾರದು. ಹೆರಿಗೆಯಾದ ಮೇಲೆ ಸಕ್ಕರೆಯು ಇಳಿದರೂ ಅಂತಹ ತಾಯಿಯು ವರ್ಷಕ್ಕೊಮ್ಮೆ ರಕ್ತವನ್ನು ತೋರಿಸಿಕೊಳ್ಳತಕ್ಕದ್ದು. ಇದು ಏಕೆಂಬುದನ್ನು ಮೈಸೂರಿನ ಅಂಕಿಗಳೇ ಹೇಳುವುವು. ೨೦೧೭ರಲ್ಲಿ ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯ ಮೂಲಕ ಪೌಷ್ಟಿಕ ಆಹಾರವನ್ನು ಒದಗಿಸುವುದಕ್ಕಾಗಿಯೇ ಏರ್ಪಟ್ಟಿತು. ಅದನ್ನು ಪಡೆಯುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ರೋಗವುಳ್ಳವರ ಎಚ್ಚರಿಕೆ

ಮೂವತ್ತು ವರ್ಷ ದಾಟಿದವರೆಲ್ಲರೂ ಸಮೀಪದ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಕ್ಷೇಮ. ಸೊಂಟದ ಸುತ್ತಳತೆಯು ಗಂಡಸರಲ್ಲಿ ೯೦ ಸೆಂಟಿಮೀಟರನ್ನೂ ಹೆಂಗಸರಲ್ಲಿ ೮೦ ಸೆಂಟಿಮೀಟರನ್ನೂ ಮೀರಿದ್ದರೆ ತಡಮಾಡಲೇಬಾರದು. ರೋಗವಿರುವವರು ಗದ್ದೆಯ ಕೆಸರಿನಲ್ಲಿ ಬರಿಗಾಲಿನಲ್ಲಿ ಇಳಿಯುವುದು ಅಪಾಯಕರ. ನರಗಳು ಮಂಕಾದ ಕಾಲಿಗೆ ಮುಳ್ಳು ಚುಚ್ಚಿದರೂ ನೋವು ತಿಳಿಯದೆ, ಚಿಕ್ಕ ಗಾಯವು ಕೊಳೆತು ಕಾಲನ್ನೇ ತೆಗೆಯುವ ಸ್ಥಿತಿಗೆ ಬರಬಹುದು. ಪ್ರತಿದಿನ ಸಾಯಂಕಾಲ ಪಾದಗಳನ್ನು ತೊಳೆದು, ಒರಸಿ, ಬೆರಳುಗಳ ಸಂದಿಯನ್ನೂ ಅಂಗಾಲನ್ನೂ ನೋಡಿಕೊಳ್ಳಬೇಕು. ಮಾತ್ರೆಯನ್ನು ನುಂಗಿ ಏನನ್ನೂ ತಿನ್ನದೆ ಹೊಲಕ್ಕೆ ಹೋದವರಿಗೆ ಕೆಲವು ವೇಳೆ ಸಕ್ಕರೆಯು ತೀರ ಇಳಿದು ಬೆವರು, ನಡುಕ, ಕಣ್ಣುಕತ್ತಲೆಗಳು ಬರುವುವು. ಬುತ್ತಿಯ ಗಂಟಿನಲ್ಲಿ ಒಂದು ತುಂಡು ಬೆಲ್ಲವಿದ್ದರೆ ಆಗ ಪ್ರಾಣವನ್ನು ಉಳಿಸುವುದು. ಸೊಪ್ಪಿನ ಪುಡಿಯನ್ನೋ ಕಷಾಯವನ್ನೋ ನಂಬಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವುದು ಅವಿವೇಕ.

ಬಿತ್ತನೆಯ ಕಾಳನ್ನು ಎಷ್ಟೇ ಕಷ್ಟ ಬಂದರೂ ಮಾರದೆ, ತಿನ್ನದೆ, ಮುಂದಿನ ವರ್ಷಕ್ಕೆಂದು ಜೋಪಾನವಾಗಿ ಇಡುವುದು ರೈತರಲ್ಲಿ ಅನಾದಿಯಿಂದಲೂ ಬಂದ ವಾಡಿಕೆ. ಮನೆಯ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಹಾಲು, ಹಣ್ಣು, ಸೊಪ್ಪು, ಕಾಳುಗಳನ್ನು ಇದೇ ಕಟ್ಟುನಿಟ್ಟಿನಿಂದ ಮೊದಲು ತೆಗೆದಿಟ್ಟು, ಮಿಕ್ಕುದನ್ನು ಮಾರುವ ಪದ್ಧತಿಯು ನೆಲೆಗೊಂಡರೆ, ಅದರ ಫಲವು ಇಂದಿನ ತಾಯಂದಿರಲ್ಲಿಯೂ, ಅವರ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳಲ್ಲಿಯೂ ಕಾಣುವುದು. ಈ ಕೆಲಸಕ್ಕೆ ಸಾಲವಾಗಲಿ, ಹೊಸ ಜಮೀನಾಗಲಿ ಬೇಕಾಗಿಲ್ಲ. ಬರುವ ಮುಂಗಾರಿನಲ್ಲಿಯೇ ಪ್ರತಿಯೊಬ್ಬ ರೈತನೂ ತನ್ನ ಹಿತ್ತಲಿನಿಂದ ಇದನ್ನು ಪ್ರಾರಂಭಿಸುವುದು ಉಚಿತ.